ಬೇರಿನ ಹೆಸರು, ಉಡದ ಪ್ರಾಣ

ಗಿಡವೊಂದನ್ನೂ ಪ್ರಾಣಿಯೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಭೇದವನ್ನು ಹೇಳಿರಿ ಎಂದರೆ ಪ್ರಾಥಮಿಕ ಶಾಲೆಯ ಬಾಲಕನೂ ನಕ್ಕಾನು. ಒಂದು ನೆಲದಲ್ಲಿ ಬೇರೂರಿ ನಿಲ್ಲುತ್ತದೆ, ಇನ್ನೊಂದು ಓಡಾಡುತ್ತದೆ. ಒಂದು ಬಿಸಿಲಿನ ಸಹಾಯದಿಂದ ತನ್ನ ಅನ್ನವನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ, ಇನ್ನೊಂದು ಬೇಟೆಯಾಡಿ ಹೊಟ್ಟೆ ಹೊರೆಯುತ್ತದೆ. ಇವೆರಡನ್ನೂ ಒಂದೆಂದು ಭ್ರಮಿಸುವವರು ಇರಲಾರರೆಂದೇ ನಮ್ಮೆಲ್ಲರ ನಂಬಿಕೆ. ಆದರೆ ನಮ್ಮ ದೇಶದಲ್ಲಿ ಈ ಭ್ರಮೆಯನ್ನೇ ಬಂಡವಾಳವಾಗಿ ಉಳ್ಳ ವ್ಯಾಪಾರವೊಂದುಂಟು. ಗಿಡದ ಬೇರೆಂದು ಹೇಳಿ ಅಲ್ಲಿ ಮಾರುವುದು ಉಡದ ದೇಹದ ಒಂದು ಭಾಗವನ್ನು. ಕೊಳ್ಳುವವನು ಬೇರೆಂದೇ ತಿಳಿದು ಮನೆಗೊಯ್ದು, ಕೆಂಪು ಬಟ್ಟೆಯಲ್ಲಿ ಸುತ್ತಿ, ಸಿಂಧೂರ ಹಚ್ಚಿ, ಹಣದ ಪೆಟ್ಟಿಗೆಯಲ್ಲಿಡುತ್ತಾನೆ. ಎರಡು ಕೈಗಳನ್ನು ಜೋಡಿಸಿ ಮುಗಿದಂತೆ ಕಾಣುವುದರಿಂದ ಇದಕ್ಕೆ ಹಿಂದಿಯಲ್ಲಿ ‘ಹತ್ಥಾ ಜೋಡಿ’ ಎಂದು ಹೆಸರು. ಸಂಪತ್ತು ಹೆಚ್ಚುವುದು, ವ್ಯಾಜ್ಯ ಗೆಲ್ಲುವುದು, ಶತ್ರುಗಳು ವಶವಾಗುವುದು ಇವೆಲ್ಲ ಇದರ ಫಲಗಳೆಂದು ಮಾರುವವರು ಹೇಳುತ್ತಾರೆ.

ಭೌತಶಾಸ್ತ್ರದ ಅಧ್ಯಾಪಕನಿಗೆ ಈ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಾನು ಪಾಠ ಹೇಳುವುದು ರಾಜಾಜಿನಗರದಲ್ಲಿ. ಅಲ್ಲಿನ ಒಬ್ಬ ವಿದ್ಯಾರ್ಥಿ, ದೂರವಾಣಿಯ ತೆರೆಯ ಮೇಲೆ ಇಂಥದೊಂದು ವಸ್ತುವಿನ ಚಿತ್ರವನ್ನು ತೋರಿಸಿ, “ಸಾರ್, ಇದು ಅಪರೂಪದ ಗಿಡದ ಬೇರಂತೆ. ಅಲ್ಲವೆಂದು ಸಾಧಿಸುವುದು ಹೇಗೆ?” ಎಂದು ಕೇಳಿದನು. ಅವನ ಪ್ರಶ್ನೆಯ ಎರಡನೆಯ ಭಾಗ ನನಗೆ ಬಹಳ ಹಿಡಿಸಿತು. ಇದು ಪುಣ್ಯವೇ ಪಾಪವೇ ಎಂದಾಗಲಿ, ಕೊಳ್ಳಬಹುದೇ ಕೊಳ್ಳಬಾರದೇ ಎಂದಾಗಲಿ ಅವನು ಕೇಳಲಿಲ್ಲ. ಸಾಧಿಸುವುದು ಹೇಗೆ ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಉಂಟು. ಆ ಉತ್ತರದ ಬಹುಪಾಲು ನಮ್ಮ ಕಾಲೇಜುಗಳ ಪಠ್ಯಕ್ರಮದಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಗಿಡದ ವಿಚಾರ. ಹತ್ಥಾ ಜೋಡಿಯು ಮಾರ್ಟಿನಿಯ ಆನ್ಯುವ ಎಂಬ ಸಸ್ಯದ ಬೇರು, ಅದು ನೇಪಾಳದಲ್ಲಿಯೂ ಮಧ್ಯಪ್ರದೇಶದ ಅಮರಕಂಟಕದ ಕಾಡುಗಳಲ್ಲಿಯೂ ಮಾತ್ರ ಸಿಕ್ಕುವ ದುರ್ಲಭ ಮೂಲಿಕೆ ಎಂಬುದು ವ್ಯಾಪಾರಿಗಳ ವಿವರಣೆ. ಸಸ್ಯಶಾಸ್ತ್ರವನ್ನು ಓದಿದವರಿಗೆ ಇಲ್ಲಿಯೇ ನಗು ಬರಬೇಕು. ಮಾರ್ಟಿನಿಯ ನಮ್ಮ ದೇಶದ್ದೇ ಅಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕಗಳು ಅದರ ತೌರು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ಮಾರ್ಟಿನ್ ಅವರ ಗೌರವಾರ್ಥವಾಗಿ ಅದಕ್ಕೆ ಆ ಹೆಸರು ಬಂದಿತು. ಅಲ್ಲಿಂದ ಬಂದು ನಮ್ಮಲ್ಲಿ ಪಾಳುನೆಲ, ರಸ್ತೆಯ ಅಂಚು, ತಿಪ್ಪೆಯ ಬದಿ ಎನ್ನದೆ ಹಬ್ಬಿಕೊಂಡಿರುವ ಕಳೆ ಅದು. ಮಳೆಗಾಲದಲ್ಲಿ ಮೊಳೆತು, ಸೊಂಟದೆತ್ತರಕ್ಕೆ ಪೊದೆಯಂತೆ ಹರಡಿ, ಹೂಬಿಟ್ಟು, ಕಾಯಿ ಕಟ್ಟಿ, ವರ್ಷ ಕಳೆಯುವುದರೊಳಗೆ ಒಣಗಿಹೋಗುತ್ತದೆ. ಎಲೆ ಅಗಲ, ಮುಟ್ಟಿದರೆ ಅಂಟು. ಹೂವು ಘಂಟೆಯಾಕಾರದ್ದು, ನಸುಗೆಂಪು ಬೆರೆತ ಬಿಳಿ, ಒಳಗೆ ನೇರಳೆಯ ಮಚ್ಚೆಗಳು. ಒಣಗಿದ ಕಾಯಿಯ ತುದಿಯಲ್ಲಿ ಬಾಗಿದ ಎರಡು ಚೂಪಾದ ಕೊಕ್ಕೆಗಳಿರುತ್ತವೆ. ದನಕರುಗಳ ಕಾಲಿಗೆ ಸಿಕ್ಕಿಕೊಂಡು ಊರಿಂದೂರಿಗೆ ಸವಾರಿ ಮಾಡುವುದಕ್ಕೆ ಇದು ಗಿಡದ ಉಪಾಯ. ಈ ಕೊಕ್ಕೆಗಳು ಹುಲಿಯುಗುರನ್ನು ನೆನಪಿಸುವುದರಿಂದ ಮುಂದೆ ಇದನ್ನು ಹುಲಿಯುಗುರಿನ ಗಿಡವೆಂದೇ ಕರೆಯೋಣ.

ಈ ಗಿಡದಲ್ಲಿ ನಿಜವಾಗಿಯೂ ಕೈಜೋಡಿಸುವ ಅಂಗವೊಂದುಂಟು. ಆದರೆ ಅದು ಇರುವುದು ಬೇರಿನಲ್ಲಲ್ಲ, ಹೂವಿನಲ್ಲಿ. ಹೂವಿನ ಶಲಾಕಾಗ್ರವು ಎರಡು ಚಿಕ್ಕ ಹಾಳೆಗಳಾಗಿ ತೆರೆದುಕೊಂಡಿರುತ್ತದೆ. ಕಡ್ಡಿಯ ತುದಿಯಿಂದ ಮೆಲ್ಲನೆ ಮುಟ್ಟಿದರೆ ಆ ಎರಡು ಹಾಳೆಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ದುಂಬಿ ಬಂದು ಹೊರಗಿನ ಪರಾಗವನ್ನು ಸವರಿದೊಡನೆ ಬಾಗಿಲು ಹಾಕಿಕೊಳ್ಳುವ ಏರ್ಪಾಡು ಇದು. ಮುಟ್ಟಿದರೆ ಮುನಿಯನ್ನು ಬಲ್ಲ ನಮ್ಮ ಹುಡುಗರಿಗೆ ಇಷ್ಟೊಂದು ಸಾಮಾನ್ಯವಾದ ಈ ಗಿಡದ ನಮಸ್ಕಾರ ತಿಳಿಯದಿರುವುದು ವಿಷಾದದ ಸಂಗತಿ. ಮಾಯೆ ಬೇಕೆನ್ನುವವರಿಗೆ ಇದಕ್ಕಿಂತ ಬೇರೆ ಮಾಯೆ ಏಕೆ ಬೇಕೋ ನಾನರಿಯೆ. ಇದಕ್ಕೆ ಬೆಲೆಯೂ ಇಲ್ಲ.

ಇನ್ನು ಉಡ. ಭಾರತದಲ್ಲಿ ನಾಲ್ಕು ಬಗೆಯ ಉಡಗಳುಂಟು. ಕರ್ನಾಟಕದ ಬಯಲಿನಲ್ಲಿ ನಾವು ಕಾಣುವುದು ವರಾನಸ್ ಬೆಂಗಾಲೆನ್ಸಿಸ್ ಎಂಬುದನ್ನು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ೧೭೫ ಸೆಂಟಿಮೀಟರಿನಷ್ಟು ಬೆಳೆಯಬಲ್ಲ ಪ್ರಾಣಿ. ಬಲಿತ ದೊಡ್ಡ ಗಂಡಿನ ತೂಕ ಏಳು ಕಿಲೋಗ್ರಾಂ ಮುಟ್ಟುವುದುಂಟು. ಇಂಡೊನೇಷ್ಯದ ಕೊಮೊಡೊ ದ್ವೀಪದ ಮಹಾ ಹಲ್ಲಿಯೂ ಇದೇ ಕುಲದ್ದು. ೨೦೨೧ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಕೊಮೊಡೊ ಹಲ್ಲಿಯನ್ನು ಅಳಿವಿನಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದುವು. ನಮ್ಮ ಉಡವು ಆ ಅಪಾಯದ ಸಮೀಪಕ್ಕೆ ಬಂದಿದೆಯೆಂದು ಅದೇ ಒಕ್ಕೂಟ ಹೇಳಿದ್ದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಕನ್ನಡಿಗರಿಗೆ ಉಡ ಅಪರಿಚಿತವಲ್ಲ. ಬಿಡದೆ ಹಿಡಿಯುವುದಕ್ಕೆ ಉಡದ ಪಟ್ಟು ಎನ್ನುತ್ತೇವೆ. ಸೊಂಡೂರು, ಮುಧೋಳ ಸಂಸ್ಥಾನಗಳನ್ನಾಳಿದ ಘೋರ್ಪಡೆ ಮನೆತನದ ಹೆಸರು ಬಂದಿರುವುದೇ ಉಡಕ್ಕೆ ಮರಾಠಿಯಲ್ಲಿರುವ ಘೋರ್ಪಡ ಎಂಬ ಮಾತಿನಿಂದ. ಪೂರ್ವಿಕನೊಬ್ಬನು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತಿದನೆಂದು ಐತಿಹ್ಯ. ೧೬೭೦ರಲ್ಲಿ ಕೊಂಡಾಣ ಕೋಟೆಯನ್ನು ಹತ್ತಿದ ತಾನಾಜಿಯ ವಿಷಯದಲ್ಲಿಯೂ ಇದೇ ಕಥೆಯುಂಟು. ಅರುವತ್ತು ಕಿಲೋಗ್ರಾಂ ತೂಕದ ಯೋಧನನ್ನು ಅವನ ಎಂಟನೆಯ ಒಂದು ಪಾಲೂ ತೂಗದ ಪ್ರಾಣಿ ತಡೆದು ನಿಲ್ಲಿಸಬಲ್ಲದೇ? ಉಗುರು ಕಲ್ಲಿನ ಸಂದಿಗೆ ಕೊಕ್ಕೆಯಂತೆ ಸಿಕ್ಕಿಕೊಂಡರೆ ಘರ್ಷಣೆಯ ಲೆಕ್ಕ ಬೇಕಿಲ್ಲ, ಉಗುರಿನ ಮತ್ತು ಸ್ನಾಯುಗಳ ಬಲವೊಂದೇ ಲೆಕ್ಕಕ್ಕೆ ಬರುತ್ತದೆ. ಅಷ್ಟು ಬಲ ಇರಲಾರದೆಂದು ನನಗೆ ತೋರುತ್ತದೆ. ಆದರೂ ಕಥೆಯನ್ನು ಇತಿಹಾಸಕಾರರಿಗೇ ಬಿಡೋಣ. ಆ ಕಥೆಯಲ್ಲಿ ಉಡಕ್ಕೆ ಸಲ್ಲುವ ಮರ್ಯಾದೆಯನ್ನು ಇಂದಿನ ಪೇಟೆಯು ಅದಕ್ಕೆ ಸಲ್ಲಿಸುತ್ತಿಲ್ಲ ಎಂಬುದಷ್ಟೇ ನನ್ನ ಮಾತು.

ರಾಜಾಜಿನಗರವು ೧೯೪೯ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಆರಂಭವಾಗುವುದಕ್ಕೆ ಮುಂಚೆ ಇಲ್ಲಿ ಹೊಲ, ತೋಪು, ಕುರುಚಲು ಇದ್ದುವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಎಂಬ ಹೆಸರುಗಳು ಇಂದಿಗೂ ಅದನ್ನು ಹೇಳುತ್ತವೆ. ಉಡಕ್ಕೆ ಬೇಕಾದುದು ಅಂಥ ನೆಲವೇ: ಅಡಗುವುದಕ್ಕೆ ಬಿಲ, ಮೊಟ್ಟೆಯಿಡುವುದಕ್ಕೆ ಹುತ್ತ, ತಿನ್ನುವುದಕ್ಕೆ ದುಂಬಿ, ಮಿಡಿತೆ, ಚೇಳು, ಕಪ್ಪೆ, ಇಲಿ. ಇಂದು ಪಶ್ಚಿಮ ಬೆಂಗಳೂರಿನಲ್ಲಿ ಅಂಥ ನೆಲ ಉಳಿದಿರುವುದು ಜ್ಞಾನಭಾರತಿಯ ಆವರಣದಂಥ ಕೆಲವು ಕಡೆ, ಮತ್ತು ಕೆಂಗೇರಿಗೂ ಕನಕಪುರದ ರಸ್ತೆಗೂ ನಡುವಣ ತುರಹಳ್ಳಿಯ ಕಾಡಿನಲ್ಲಿ. ದಾರಿ ತಪ್ಪಿ ಮನೆಯ ಹಿತ್ತಿಲಿಗೆ ಉಡವೊಂದು ಬಂದರೆ ಜನ ಗಾಬರಿಯಾಗುತ್ತಾರೆ. ಅದರ ಸೀಳುನಾಲಗೆ ಕಂಡು ವಿಷಜಂತುವೆನ್ನುವವರೇ ಹೆಚ್ಚು. ಆ ನಾಲಗೆ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿರುವ ಒಂದು ಅಂಗಕ್ಕೆ ಒಯ್ದು ಮುಟ್ಟಿಸುವ ಸಾಧನ; ಎರಡು ತುದಿಗಳಿರುವುದರಿಂದ ವಾಸನೆ ಎಡದಿಂದ ಬಂದಿತೋ ಬಲದಿಂದ ಬಂದಿತೋ ಎಂಬುದೂ ತಿಳಿಯುತ್ತದೆ.

ಈ ಎರಡು ಜೀವಿಗಳನ್ನು ವ್ಯಾಪಾರಿಯು ಗಂಟುಹಾಕಿದ ಬಗೆ ಹೀಗೆ. ಹಾವು ಮತ್ತು ಹಲ್ಲಿಗಳ ವರ್ಗದಲ್ಲಿ ಗಂಡಿನ ಜನನೇಂದ್ರಿಯ ಒಂದಲ್ಲ, ಜೋಡಿಯಾಗಿರುತ್ತದೆ. ಸಾಮಾನ್ಯವಾಗಿ ಅದು ಬಾಲದ ಬುಡದಲ್ಲಿ ಒಳಗೇ ಮಡಿಸಿಕೊಂಡಿರುತ್ತದೆ. ಇದನ್ನು ಹೇಳುವುದಕ್ಕೆ ಸಂಕೋಚಪಡಬೇಕಾದುದೇನೂ ಇಲ್ಲ. ಸಂಕೋಚಪಟ್ಟು ಸುಮ್ಮನಿರುವುದರಿಂದಲೇ ಈ ವ್ಯಾಪಾರ ನಡೆಯುತ್ತಿದೆ. ಉಡವನ್ನು ಹಿಡಿದು ಕೊಂದು, ಆ ಅಂಗವನ್ನು ಹೊರತೆಗೆದು ಒಣಗಿಸಿದರೆ, ಅದು ಸುಕ್ಕುಗಟ್ಟಿ ಕಂದುಬಣ್ಣ ತಾಳಿ, ಬೆರಳುಗಳನ್ನು ಮಡಿಸಿ ಜೋಡಿಸಿದ ಪುಟ್ಟ ಕೈಗಳಂತೆ ಕಾಣುತ್ತದೆ. ೨೦೧೭ರಲ್ಲಿ ವರ್ಲ್ಡ್ ಅನಿಮಲ್ ಪ್ರೊಟೆಕ್ಷನ್ ಎಂಬ ಸಂಸ್ಥೆಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಈ ವಂಚನೆಯನ್ನು ಬಯಲಿಗೆಳೆದರು. ಬೇರೆಂದು ಮಾರುತ್ತಿದ್ದ ವಸ್ತುಗಳನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಅವು ಉಡದ ಅಂಗಗಳೆಂದು ಖಚಿತವಾಯಿತು. ಭಾರತದಲ್ಲಿ ಅದೇ ಕಾಲದಲ್ಲಿ ಅಧಿಕಾರಿಗಳು ದಾಳಿಗಳನ್ನು ನಡೆಸಿ ಇಂಥ ಸರಕನ್ನು ವಶಪಡಿಸಿಕೊಂಡರು. ಪೂಜಾಸಾಮಗ್ರಿಯ ಹೆಸರಿನಲ್ಲಿ ಅಂತರಜಾಲದ ದೊಡ್ಡ ಅಂಗಡಿಗಳಲ್ಲಿಯೂ ಇದು ರಾಜಾರೋಷವಾಗಿ ಮಾರಾಟವಾಗುತ್ತಿತ್ತು.

ಈ ವಂಚನೆಯ ಜಾಣತನವನ್ನು ಗಮನಿಸಬೇಕು. ಊರೂರಿನ ತಿಪ್ಪೆಯ ಬದಿಯ ಕಳೆಯನ್ನು ದುರ್ಲಭವೆಂದು ಹೇಳಲಾಗಿದೆ. ಅದರಿಂದ ಬೆಲೆ ಏರುತ್ತದೆ. ಕಾನೂನಿನ ಪೂರ್ಣ ರಕ್ಷಣೆಯುಳ್ಳ ಪ್ರಾಣಿಯನ್ನು ಸಸ್ಯವೆಂದು ಹೇಳಲಾಗಿದೆ. ಅದರಿಂದ ಭಯ ಇಳಿಯುತ್ತದೆ. ಗ್ರಾಹಕನು ಮಾಂಸ ಮುಟ್ಟದ ಶ್ರದ್ಧಾವಂತನಾಗಿದ್ದರೂ ‘ಬೇರು’ ಎಂಬ ಮಾತು ಅವನ ಮಡಿಗೆ ಧಕ್ಕೆ ತಾರದು. ಅಂತರಜಾಲದ ಅಂಗಡಿಯಲ್ಲಿ ಪ್ರಾಣಿಯ ಅಂಗಗಳ ಹೆಸರನ್ನು ಹುಡುಕುವ ಯಂತ್ರಕ್ಕೂ ‘ಬೇರು’ ಎಂಬ ಮಾತಿನಲ್ಲಿ ಶಂಕೆ ಹುಟ್ಟುವುದಿಲ್ಲ. ಒಂದೇ ಸುಳ್ಳು ಹೆಸರು ಬೆಲೆ, ಭಯ, ಮಡಿ, ಕಾವಲು ಇಷ್ಟನ್ನೂ ನಿಭಾಯಿಸುತ್ತದೆ. ಇಷ್ಟು ದುಡಿಯುವ ಶಬ್ದವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹಾಗಾದರೆ ಹೆಸರನ್ನು ಬಿಟ್ಟು ವಸ್ತುವನ್ನೇ ವಿಚಾರಿಸಬೇಕು. ವಸ್ತು ಸುಳ್ಳು ಹೇಳುವುದಿಲ್ಲ; ಕೇಳತಕ್ಕ ರೀತಿಯಲ್ಲಿ ಕೇಳಬೇಕು ಅಷ್ಟೆ.

ಸಸ್ಯದ ಮೈ ಕಟ್ಟಿರುವುದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ದ್ರವ್ಯಗಳಿಂದ. ಎರಡರಲ್ಲಿಯೂ ಇರುವುದು ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ. ಪ್ರಾಣಿಯ ಚರ್ಮ, ಸ್ನಾಯು, ಕಟ್ಟುಗಳು ಪ್ರೋಟೀನುಗಳಿಂದಾದವು. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು ೧೬ ಪಾಲು ಸಾರಜನಕ. ಒಣಗಿದ ಮರದಲ್ಲಿ ಸಾರಜನಕ ನೂರಕ್ಕೆ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇದೇ ಕಾರಣದಿಂದ ಕೂದಲು, ಉಣ್ಣೆ, ಗರಿಗಳು ಸುಟ್ಟಾಗ ಬರುವ ಕಮಟು ಸೌದೆ ಸುಟ್ಟಾಗ ಬರುವುದಿಲ್ಲ. ಕೂದಲಿನಲ್ಲಿರುವ ಗಂಧಕದ ಪಾತ್ರವೂ ಆ ವಾಸನೆಯಲ್ಲಿ ಉಂಟು. ಪದವಿಪೂರ್ವ ತರಗತಿಯಲ್ಲಿ ಓದುವವರು ಲಸೇನ್ ಪರೀಕ್ಷೆಯನ್ನು ಬಲ್ಲರು: ವಸ್ತುವನ್ನು ಸೋಡಿಯಂ ಲೋಹದೊಂದಿಗೆ ಕರಗಿಸಿ, ನೀರಿಗೆ ಹಾಕಿ, ಕಬ್ಬಿಣದ ಲವಣಗಳನ್ನು ಸೇರಿಸಿದಾಗ ಗಾಢ ನೀಲಿ ಬಣ್ಣ ಬಂದರೆ ಸಾರಜನಕವಿದೆಯೆಂದು ಅರ್ಥ. ಆದರೆ ಎಚ್ಚರಿಕೆ. ಬೇರಿನಲ್ಲಿಯೂ ಅಲ್ಪಸ್ವಲ್ಪ ಪ್ರೋಟೀನು ಇದ್ದೇ ಇರುತ್ತದೆ. ನೀಲಿ ಬಂದಮಾತ್ರಕ್ಕೆ ಪ್ರಾಣಿಯೆಂದು ತೀರ್ಪು ಕೊಡುವವನು ಅವಸರದ ಮನುಷ್ಯ. ಎಷ್ಟು ಸಾರಜನಕ ಎಂಬುದನ್ನು ಅಳೆಯಬೇಕು. ಇದೆ, ಇಲ್ಲ ಎಂಬ ಉತ್ತರಕ್ಕೂ, ಇಷ್ಟಿದೆ ಎಂಬ ಉತ್ತರಕ್ಕೂ ನಡುವೆ ಇರುವ ಅಂತರದಲ್ಲಿಯೇ ಅರ್ಧ ವಿಜ್ಞಾನ ಅಡಗಿದೆಯೆಂದು ನಾನು ತರಗತಿಯಲ್ಲಿ ಹೇಳುವುದುಂಟು.

ಇನ್ನೊಂದು ಪರೀಕ್ಷೆ ನನ್ನ ವಿಷಯಕ್ಕೆ ಹತ್ತಿರವಾದುದು, ಕ್ಷ-ಕಿರಣದ್ದು. ಆಸ್ಪತ್ರೆಯಲ್ಲಿ ಕೈಯ ಚಿತ್ರ ತೆಗೆದಾಗ ಮೂಳೆ ಬೆಳ್ಳಗೂ ಮಾಂಸ ಮಸಕಾಗಿಯೂ ಕಾಣುವುದೇಕೆ? ಕಡಮೆ ಶಕ್ತಿಯ ಕ್ಷ-ಕಿರಣಗಳನ್ನು ಒಂದೇ ತೂಕದ ಬೇರೆಬೇರೆ ಮೂಲವಸ್ತುಗಳು ಹೀರಿಕೊಳ್ಳುವ ಪ್ರಮಾಣ ಅವುಗಳ ಪರಮಾಣು ಸಂಖ್ಯೆಯ ಘನಕ್ಕೆ ಸುಮಾರಾಗಿ ಅನುಗುಣವಾಗಿರುತ್ತದೆ. ಇಂಗಾಲದ ಪರಮಾಣು ಸಂಖ್ಯೆ ೬, ಕ್ಯಾಲ್ಸಿಯಮ್ಮಿನದು ೨೦. ಇಪ್ಪತ್ತನ್ನು ಆರರಿಂದ ಭಾಗಿಸಿ ಘನ ಮಾಡಿದರೆ ಸುಮಾರು ೩೭ ಬರುತ್ತದೆ. ಎಂದರೆ, ಒಂದು ಗ್ರಾಂ ಕ್ಯಾಲ್ಸಿಯಂ ಒಂದು ಗ್ರಾಂ ಇಂಗಾಲದ ಮೂವತ್ತೇಳು ಪಟ್ಟಿನಷ್ಟು ತಡೆಯೊಡ್ಡುತ್ತದೆ. ಉಡದ ಕುಲದ ಅನೇಕ ಪ್ರಭೇದಗಳಲ್ಲಿ ಗಂಡಿನ ಈ ಅಂಗದೊಳಗೆ ಸುಣ್ಣಗಟ್ಟಿದ, ಮೂಳೆಯನ್ನು ಹೋಲುವ ಚಿಕ್ಕ ಆಧಾರಗಳುಂಟು. ಪ್ರಾಣಿಶಾಸ್ತ್ರಜ್ಞರು ಅವುಗಳ ಆಕಾರವನ್ನು ಪ್ರಭೇದಗಳ ಸಂಬಂಧವನ್ನು ತಿಳಿಯುವುದಕ್ಕೂ ಬಳಸಿದ್ದಾರೆ. ಕ್ಷ-ಕಿರಣದ ಚಿತ್ರದಲ್ಲಿ ಅವು ಕಂಡರೆ ಬೇರಿನ ಮಾತು ಅಲ್ಲಿಗೆ ಮುಗಿಯಿತು. ಸಸ್ಯಗಳಲ್ಲಿಯೂ ಕ್ಯಾಲ್ಸಿಯಮ್ಮಿನ ಹರಳುಗಳು ಇರುತ್ತವೆ, ದಿಟ. ಆದರೆ ಅವು ಸೂಕ್ಷ್ಮದರ್ಶಕದಲ್ಲಿ ಕಾಣತಕ್ಕ ಕಣಗಳಾಗಿ ಚದುರಿರುತ್ತವೆಯೇ ಹೊರತು ಮೂಳೆಯ ಆಕಾರ ತಾಳುವುದಿಲ್ಲ.

ಇಲ್ಲಿ ಒಂದು ವಿನೋದವುಂಟು. ಹತ್ಥಾ ಜೋಡಿಗೆ ಸಿಂಧೂರ ಬಳಿಯುತ್ತಾರಷ್ಟೆ. ಆ ಸಿಂಧೂರವು ಸೀಸದ ಅಥವಾ ಪಾದರಸದ ಸಂಯುಕ್ತವಾಗಿದ್ದರೆ, ಅವುಗಳ ಪರಮಾಣು ಸಂಖ್ಯೆ ೮೨ ಮತ್ತು ೮೦ ಆದುದರಿಂದ, ಲೇಪವೇ ಮೂಳೆಗಿಂತ ಹೆಚ್ಚಾಗಿ ಹೊಳೆದು ಒಳಗಿನದನ್ನು ಮರೆಮಾಡುತ್ತದೆ. ಪರೀಕ್ಷೆಗೆ ಮುನ್ನ ತೊಳೆಯಬೇಕು. ಭಕ್ತಿಯ ಬಣ್ಣ ಸತ್ಯಕ್ಕೆ ತೆರೆಯಾಗುವುದನ್ನು ಇಷ್ಟು ಅಕ್ಷರಶಃ ತೋರಿಸುವ ಉದಾಹರಣೆ ಮತ್ತೊಂದಿರಲಾರದು.

ಕೊನೆಯ ಮಾತು ಹೇಳುವುದು ವಂಶವಾಹಿಯ ಪರೀಕ್ಷೆ. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಮತ್ತು ಅವರ ಸಹೋದ್ಯೋಗಿ ೨೦೦೩ರಲ್ಲಿ ಪ್ರಕಟಿಸಿದ ವಿಧಾನದಿಂದ, ಚರ್ಮದ ಅಥವಾ ಮಾಂಸದ ಒಂದು ಚೂರಿನಿಂದಲೇ ಅದು ಯಾವ ಪ್ರಾಣಿಯದೆಂದು ಗುರುತಿಸಬಹುದು. ನ್ಯಾಯಾಲಯಗಳು ಒಪ್ಪುವ ಸಾಕ್ಷ್ಯ ಅಂಥದು. ಪ್ರೌಢಶಾಲೆಯಲ್ಲಿ ಆಗತಕ್ಕದ್ದು ಇದಕ್ಕಿಂತ ಸರಳ: ನಿಜವಾದ ಒಂದು ಬೇರನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಡುವುದು. ಗೋಡೆಯುಳ್ಳ ಕೋಶಗಳ ಸಾಲು, ನಡುವೆ ನೀರು ಸಾಗಿಸುವ ನಾಳಗಳ ಗುಂಪು. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಪ್ರಾಣಿಯ ಕೋಶಕ್ಕೆ ಅಂಥ ಗೋಡೆಯೇ ಇಲ್ಲ.

ಈ ಪರೀಕ್ಷೆಗಳನ್ನು ಓದಿ ಉತ್ಸಾಹಗೊಂಡು ಹತ್ಥಾ ಜೋಡಿಯೊಂದನ್ನು ಕೊಂಡು ತರುವೆನೆಂದು ಯಾವ ವಿದ್ಯಾರ್ಥಿಯೂ ಹೊರಡಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿಯೇ, ಉಡದ ಹೆಸರಿದೆ. ಅದನ್ನು ಕೊಲ್ಲುವುದು ಮಾತ್ರವಲ್ಲ, ಅದರ ಅಂಗವನ್ನು ಕೊಳ್ಳುವುದೂ ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. ೨೦೨೨ರ ತಿದ್ದುಪಡಿಯ ಬಳಿಕ ೨೫,೦೦೦ ರೂಪಾಯಿಗೆ ಕಡಮೆಯಿಲ್ಲದ ದಂಡ. ‘ಬೇರೆಂದು ತಿಳಿದಿದ್ದೆ’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಯಾರೂ ಆ ಅಪಾಯಕ್ಕೆ ಕೈಹಾಕಬಾರದು. ಅಭ್ಯಾಸಕ್ಕೆ ಉಣ್ಣೆಯ ಎಳೆ, ಕೋಳಿಯ ಗರಿ, ಅಂಗಡಿಯಲ್ಲಿ ಸಿಕ್ಕುವ ಅಶ್ವಗಂಧದ ಬೇರು ಇವು ಸಾಕು. ಮಾರುವುದನ್ನು ಎಲ್ಲಿಯಾದರೂ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪರೀಕ್ಷೆ ಮಾಡುವ ಅಧಿಕಾರವೂ ಸಲಕರಣೆಯೂ ಅವರಿಗುಂಟು.

ನಂಬಿಕೆಯುಳ್ಳವರನ್ನು ಹೀಯಾಳಿಸುವುದರಿಂದ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ವಿಜ್ಞಾನದ ಲೇಖಕರಲ್ಲಿ ಅನೇಕರು ಇಲ್ಲಿ ನನ್ನೊಡನೆ ಒಪ್ಪಲಾರರು. ಮೂಢನಂಬಿಕೆಯೆಂದು ಒಂದೇ ಏಟಿಗೆ ಹೊಡೆದುಹಾಕಬೇಕೆನ್ನುತ್ತಾರೆ. ಆದರೆ ಈ ವ್ಯವಹಾರದಲ್ಲಿ ಮೊದಲು ಮೋಸಹೋಗುವವನು ನಂಬಿದವನೇ. ಅವನು ಕೇಳಿದ್ದು ಗಿಡದ ಬೇರು. ಕೈಗೆ ಬಂದದ್ದು ಕೊಂದ ಪ್ರಾಣಿಯ ಗುಪ್ತಾಂಗ. ಅದೂ ಅಲ್ಲದೆ ಕೆಲವೊಮ್ಮೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕು. ಬೇರಿನಲ್ಲಿ ಶಕ್ತಿಯಿದೆಯೆಂದು ಅವನು ನಂಬಿದರೂ, ತನ್ನ ಪೆಟ್ಟಿಗೆಯಲ್ಲಿರುವುದು ಬೇರಲ್ಲವೆಂದು ತಿಳಿದ ಮೇಲೆ ಅದನ್ನು ಪೂಜಿಸುವುದಕ್ಕೆ ಅವನಿಗೇ ಮನಸ್ಸು ಬಾರದು. ಅಜ್ಜಿಯೊಡನೆ ದೇವರ ವಿಷಯಕ್ಕೆ ವಾದ ಹೂಡುವ ಮೊಮ್ಮಗನಿಗಿಂತ, “ಅಜ್ಜೀ, ಇದು ಸತ್ತ ಉಡದ್ದು” ಎಂದು ಮೆಲ್ಲನೆ ತಿಳಿಸುವ ಮೊಮ್ಮಗಳು ಹೆಚ್ಚು ಕೆಲಸ ಮಾಡಿಯಾಳು.

ಉಡವನ್ನು ಹಿಡಿಯುವವನ ವಿಷಯದಲ್ಲಿಯೂ ಒಂದು ಮಾತು. ಸಿಕ್ಕಿಬಿದ್ದಾಗ ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ ಅವನ ಚಿತ್ರ. ಕಾಡಂಚಿನ ಬಡವ, ಅವನ ಕೈಗೆ ಬಂದುದು ಸ್ವಲ್ಪ ಹಣ. ನಗರದ ಗ್ರಾಹಕನು ತೆರುವ ಬೆಲೆಯ ಬಹುಪಾಲು ನಡುವಿನವರಿಗೆ ಸೇರುತ್ತದೆ. ಕಾನೂನು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದುದು ಸರಿಯೇ; ಆದರೆ ನನ್ನ ಮನಸ್ಸಿನ ತಕ್ಕಡಿಯಲ್ಲಿ ಓದುಬರಹ ಬಲ್ಲ ಗ್ರಾಹಕನ ತಟ್ಟೆಯೇ ಕೆಳಗೆ ಬಾಗುತ್ತದೆ. ಉಡದ ಗಂಡುಹೆಣ್ಣುಗಳನ್ನು ಹೊರನೋಟದಿಂದ ಗುರುತಿಸುವುದು ಸುಲಭವಲ್ಲ ಎಂಬುದನ್ನೂ ನೆನೆಯಬೇಕು. ಗಂಡನ್ನು ಹುಡುಕುವ ಬೇಟೆಗಾರನ ಕೈಯಲ್ಲಿ ಹೆಣ್ಣೂ ಸಾಯುವ ಸಂಭವವುಂಟು.

ಅವುಗಳ ಸಾವಿನ ನಷ್ಟವನ್ನು ತುಂಬಿಕೊಳ್ಳುವ ವೇಗದಲ್ಲಿ ಎರಡು ಜೀವಿಗಳಿಗೂ ಅಜಗಜಾಂತರ. ಹುಲಿಯುಗುರಿನ ಗಿಡವನ್ನು ಈ ವರ್ಷ ಬೇರುಸಹಿತ ಕಿತ್ತರೂ ನೆಲದಲ್ಲಿ ಬಿದ್ದ ಬೀಜ ಮುಂದಿನ ಮುಂಗಾರಿಗೆ ಮೊಳೆಯುತ್ತದೆ. ಉಡದ ಮೊಟ್ಟೆಯಾದರೋ ಮಣ್ಣಿನೊಳಗೆ ಆರು ತಿಂಗಳಿಗೂ ಹೆಚ್ಚು ಕಾಲ ಇದ್ದ ಮೇಲೆ ಒಡೆಯುವುದು. ಹೊರಬಂದ ಮರಿ ಹದ್ದು, ಹಾವು, ನಾಯಿಗಳ ಕಣ್ಣು ತಪ್ಪಿಸಿ ಬೆಳೆದು ತಾನೇ ಮೊಟ್ಟೆಯಿಡುವ ವಯಸ್ಸಿಗೆ ಬರಲು ಮತ್ತೆ ಸುಮಾರು ಮೂರು ವರ್ಷ. ಈ ಅವಧಿಯಲ್ಲಿ ಗಿಡದ ಮೂರು ನಾಲ್ಕು ತಲೆಮಾರುಗಳು ಕಳೆದಿರುತ್ತವೆ. ವ್ಯಾಪಾರಿಯು ಹೇಳಿದಂತೆ ಅದು ಬೇರೇ ಆಗಿದ್ದಲ್ಲಿ ಲಕ್ಷ ಮಂದಿ ಕೊಂಡರೂ ಯಾರಿಗೂ ಏನೂ ನಷ್ಟವಿರಲಿಲ್ಲ. ರೈತನಿಗೆ ಒಂದಿಷ್ಟು ಕಳೆ ಕೀಳುವ ಶ್ರಮ ಉಳಿಯುತ್ತಿತ್ತು.

ಉಡವಿಲ್ಲದೆ ನಡೆಯದೆಂದು ತೋರಿದ್ದ ಕೆಲಸವೊಂದು ಉಡವಿಲ್ಲದೆ ನಡೆದ ನಿದರ್ಶನ ನಮ್ಮ ಸಂಗೀತದಲ್ಲಿದೆ. ಕರ್ನಾಟಕ ಸಂಗೀತದ ಖಂಜಿರಕ್ಕೆ ಸಂಪ್ರದಾಯವಾಗಿ ಹೊದಿಸುತ್ತಿದ್ದುದು ಉಡದ ಚರ್ಮವನ್ನು. ತೆಳುವಾದ, ಬಿಗಿಯಾದ ಆ ಪೊರೆಗೆ ನೀರು ಸವರಿ ಬಿಗಿತವನ್ನು ಇಳಿಸಿದಾಗ ಶ್ರುತಿ ಇಳಿಯುತ್ತದೆ. ಕಂಪಿಸುವ ಪೊರೆಯ ಆವೃತ್ತಿಯು ಬಿಗಿತದ ವರ್ಗಮೂಲವನ್ನು ಅನುಸರಿಸುವುದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಆ ನಾದ ಬೇರೆ ಚರ್ಮದಿಂದ ಬಾರದೆಂದು ವಿದ್ವಾಂಸರು ಕೊರಗಿದ್ದು ಸಹಜ. ಆದರೂ ಕಾನೂನು ಬಂದ ಮೇಲೆ ಮೇಕೆಯ ಚರ್ಮವೂ ಕೃತಕ ಪೊರೆಯೂ ಬಂದುವು, ಕಛೇರಿಗಳು ನಿಲ್ಲಲಿಲ್ಲ. ಖಂಜಿರದಲ್ಲಿಯಾದರೂ ಉಡದ ಚರ್ಮಕ್ಕೆ ಒಂದು ನಿಜವಾದ ಗುಣವಿತ್ತು, ಅಳೆಯಬಹುದಾದ ಗುಣ. ಅದನ್ನೇ ಬಿಡಲು ಸಾಧ್ಯವಾದ ನಾಡ ಜನರು, ಯಾವ ಗುಣವೂ ಇಲ್ಲದ, ಹೆಸರು ಕೂಡ ತನ್ನದಲ್ಲದ ಈ ವಸ್ತುವನ್ನು ಬಿಡಲಾರರೇ?

ಆಗಸ್ಟ್ ಸೆಪ್ಟೆಂಬರುಗಳಲ್ಲಿ ಮಳೆ ಚೆನ್ನಾಗಿ ಬಿದ್ದ ಮೇಲೆ, ಊರ ಹೊರಗಿನ ಪಾಳುನೆಲದಲ್ಲಿ ಹುಲಿಯುಗುರಿನ ಗಿಡವನ್ನು ಹುಡುಕಿರಿ. ಅಗಲ ಎಲೆ, ಘಂಟೆಯಂಥ ಹೂವು, ಕಳೆದ ವರ್ಷದ ಕೊಕ್ಕೆಕಾಯಿ ಇವು ಗುರುತು. ಮೊದಲು ಹೂವಿನ ಶಲಾಕಾಗ್ರವನ್ನು ಕಡ್ಡಿಯಿಂದ ಮುಟ್ಟಿ ನೋಡಿರಿ. ಆಮೇಲೆ ಒಂದು ಗಿಡವನ್ನು ಬುಡಸಹಿತ ಕಿತ್ತು, ಮಣ್ಣು ತೊಳೆದು, ಬೇರಿನ ಆಕಾರವನ್ನು ಟಿಪ್ಪಣಿಯ ಪುಸ್ತಕದಲ್ಲಿ ಬಿಡಿಸಿಕೊಳ್ಳಿರಿ. ಪೇಟೆಯಲ್ಲಿ ತೋರಿಸುವ ಚಿತ್ರದ ಪಕ್ಕದಲ್ಲಿ ಅದನ್ನಿಟ್ಟು ಮನೆಯವರಿಗೆ ತೋರಿಸಿರಿ. ಎಲೆಯ ಅಂಟು ಬೇಗ ಬಿಡುವುದಿಲ್ಲವಾದುದರಿಂದ ಕೈತೊಳೆಯಲು ಒಂದು ಸೀಸೆ ನೀರನ್ನು ಜೊತೆಗೆ ಒಯ್ಯುವುದು ಒಳ್ಳೆಯದು.